ಕಳೆದುಹೋದ ಗುಡಿಸು

ಈ ಗಡಿನಾಡಿನ ಶಾಲೆಯಲ್ಲಿ ಅಕ್ಷರ ತಿದ್ದಿದ ನಾನು ಇಂದು ಮೊಬೈಲ್ ಫೋನುಗಳಿಗೆ ಆ್ಯಪ್ ರಚಿಸುವ ವೃತ್ತಿಯಲ್ಲಿದ್ದೇನೆ. ಅದರ ಬಗೆಯನ್ನು ಒಂದು ನಿದರ್ಶನದಿಂದ ವಿವರಿಸಬಯಸುತ್ತೇನೆ.

ಮಕ್ಕಳ ಹಾಜರಿಗೆಂದು ರಚಿಸಿದ ನನ್ನ ಮೊದಲ ಆ್ಯಪ್‌ನಲ್ಲಿ, ಪರದೆ ಕಿರಿದೆಂದು ಪ್ರತಿ ಹೆಸರಿನ ಮೊದಲ 10 ಸಂಕೇತಗಳಷ್ಟೇ ಕಾಣುವಂತೆ ಮಾಡಿದ್ದೆ. ‘ವಿಜಯಲಕ್ಷ್ಮಿ’ ಎಂಬುದು ‘ವಿಜಯಲಕ್ಷ್ಮ’ ಎಂದಾಯಿತು. “ಇದು ನನ್ನ ಹೆಸರಲ್ಲ” ಎಂದಳು ಆ ಬಾಲಿಕೆ. ನಮ್ಮ ಹೆಸರುಗಳು ಬೇರೆ ಲಿಪಿಗಿಳಿದಾಗ ರೂಪಗೆಡುವುದನ್ನು ಕಂಡವರು ನಾವು. ಕನ್ನಡದಲ್ಲಿಯೇ ಕೆಡಿಸಿದವನು ನಾನಾದೆನಲ್ಲ ಎಂದು ನೊಂದೆ.

ಕಾರಣ ಸರಳ. ನಮ್ಮೆಣಿಕೆಗೆ ಆ ಹೆಸರು 5 ಅಕ್ಷರ. ಆದರೆ ಯುನಿಕೋಡ್ ಪದ್ಧತಿಯಲ್ಲಿ ವ್ಯಂಜನಕ್ಕೆ, ಸ್ವರಚಿಹ್ನೆಗೆ, ಒತ್ತಕ್ಷರವನ್ನು ಬೆಸೆಯುವ ಹಲಂತ ಚಿಹ್ನೆಗೆ ಬೇರೆ ಬೇರೆ ಸಂಕೇತಗಳುಂಟು. ‘ಕ್ಷ್ಮಿ’ ಒಂದಕ್ಕೇ 6, ಇಡೀ ಹೆಸರಿಗೆ 11. ಕೊನೆಯ ಗುಡಿಸು ಹೊರಗುಳಿಯಿತು.

ಅಂದಿನಿಂದ ನಾನು ಯಂತ್ರದ ಸಂಕೇತಗಳನ್ನಲ್ಲ, ಓದುವವರ ಅಕ್ಷರಗಳನ್ನು ಎಣಿಸುತ್ತೇನೆ. ಬಳಸುವವರ ಪಕ್ಕದಲ್ಲಿ ಕುಳಿತು ನೋಡಿ, ಹಳೆಯ ಫೋನಿನಲ್ಲಿ, ಇಂಟರ್‌ನೆಟ್ ಸಂಪರ್ಕವಿಲ್ಲದೆಡೆಯಲ್ಲಿಯೂ ಪರೀಕ್ಷಿಸಿದ ಬಳಿಕವೇ ಆ್ಯಪ್ ಹೊರತರುತ್ತೇನೆ.

ಒಂದು ಗುಡಿಸು ತಪ್ಪಿದರೂ ಹತ್ತು ಬಾರಿ ಬರೆಸುತ್ತಿದ್ದ ನನ್ನ ಗುರುಗಳಿಗೆ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ವಂದನೆಗಳು.