ಹಕ್ಕು ಕಾಗದದಲ್ಲಿ, ಚಿಕಿತ್ಸೆಯೆಲ್ಲಿ?

ಲಿಂಗವಾವುದೆಂದು ಹೇಳಿಕೊಳ್ಳುವ ಅಧಿಕಾರವು ಆಯಾ ವ್ಯಕ್ತಿಯದೇ ಎಂದೂ, ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ನ್ಯಾಯಬಾಹಿರವೆಂದೂ ಭಾರತದ ಸರ್ವೋಚ್ಚ ನ್ಯಾಯಾಲಯವು 2014ನೆಯ ಇಸವಿಯ ಏಪ್ರಿಲ್ 15ರಂದು ತೀರ್ಪಿತ್ತಿತು. ಆದರೆ 2019ರಲ್ಲಿ ತೃತೀಯಲಿಂಗಿಗಳ ರಕ್ಷಣೆಗೆಂದು ಬಂದ ಶಾಸನವು, ಗಂಡೆಂದಾಗಲಿ ಹೆಣ್ಣೆಂದಾಗಲಿ ದಾಖಲೆ ತಿದ್ದಿಸಿಕೊಳ್ಳುವವರಿಂದ ಶಸ್ತ್ರಚಿಕಿತ್ಸೆಯಾದುದಕ್ಕೆ ವೈದ್ಯಾಧಿಕಾರಿಗಳ ಪ್ರಮಾಣಪತ್ರವನ್ನು ಕೇಳಿತು. ಆ ಚಿಕಿತ್ಸೆಯನ್ನೂ ಹಾರ್ಮೋನ್ ಔಷಧವನ್ನೂ ಒದಗಿಸುವ ಹೊಣೆಯನ್ನು ಅದೇ ಶಾಸನವು ಸರಕಾರಗಳಿಗೆ ವಹಿಸಿತು. ನಿರ್ಬಂಧವು ಕಚೇರಿಯಲ್ಲಿ ನಡೆದು ಹೊಣೆಯು ಕಾಗದದಲ್ಲುಳಿದರೆ ಅದನ್ನು ನ್ಯಾಯವೆನ್ನಬಹುದೇ? ಮನೆಯಿಂದ ಹೊರದೂಡಲ್ಪಟ್ಟು ಭಿಕ್ಷೆಯಿಂದ ಹೊಟ್ಟೆ ಹೊರೆಯುವವರು ಖಾಸಗಿ ವೈದ್ಯರ ಶುಲ್ಕವನ್ನು ಎಲ್ಲಿಂದ ತಂದಾರು? ಗತಿಯಿಲ್ಲದೆ ಕೆಲವರು ಶಾಸ್ತ್ರವರಿಯದ ಕೈಗಳಿಗೆ ದೇಹವನ್ನೊಪ್ಪಿಸಿ ಪ್ರಾಣವನ್ನೇ ಪಣವಿಡುತ್ತಾರೆ. ನಾವು ಕೇಳುವುದು ದಯೆಯನ್ನಲ್ಲ, ಕೊಟ್ಟ ಮಾತಿನ ಪಾಲನೆಯನ್ನು. ಸರಕಾರಿ ಆಸ್ಪತ್ರೆಗಳು ಇವರನ್ನು ಪರಿಹಾಸವಿಲ್ಲದೆ ಬರಮಾಡಿಕೊಳ್ಳಲಿ. ಅಧಿಕಾರಿಗಳೂ ಮಹಾಜನರೂ ಇದನ್ನು ತಮ್ಮ ಕರ್ತವ್ಯವೆಂದೆಣಿಸಲಿ.