ಮುದಿ ಕಾರಿನ ರಕ್ತದೊತ್ತಡ

ಮನೆಯ ಹಿರಿಯರಿಗೆ ತಲೆ ಸುತ್ತು ಬಂದರೆ ವೈದ್ಯರು ಮೊದಲು ಮಾಡುವ ಕೆಲಸ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವುದು. ಅಳೆಯದೆಯೇ ಔಷಧಿ ಬರೆದುಕೊಡುವ ವೈದ್ಯರನ್ನು ನಾವು ನಂಬುವುದಿಲ್ಲ. ಆದರೆ ಅದೇ ಮನೆಯ ಮುಂದೆ ನಿಂತಿರುವ ಇಪ್ಪತ್ತು ವರ್ಷದ ಕಾರು ಏರಿನಲ್ಲಿ ಏದುಸಿರು ಬಿಡತೊಡಗಿತೆಂದರೆ ಕಥೆಯೇ ಬೇರೆ. ಮೊದಲು ಪ್ಲಗ್ಗುಗಳು ಬದಲಾಗುತ್ತವೆ, ಗುಣ ಕಾಣದಿದ್ದರೆ ಪೆಟ್ರೋಲಿನ ಪಂಪು, ಆಮೇಲೆ ಇಂಜೆಕ್ಟರುಗಳು, ಕಟ್ಟಕಡೆಗೆ ಕಂಪ್ಯೂಟರೇ ಕೆಟ್ಟಿದೆಯೆಂಬ ತೀರ್ಪು. ಅಷ್ಟು ಹೊತ್ತಿಗೆ ಯಜಮಾನರ ಜೇಬು ಬರಿದಾಗಿ, "ಮಾರಿಬಿಡಿ ಸ್ವಾಮಿ, ಇದರ ಕಾಲ ಮುಗಿಯಿತು" ಎಂಬ ಸಲಹೆಯೂ ಬಂದಿರುತ್ತದೆ. ನೋಂದಣಿಯಾಗಿ 15 ವರ್ಷ ದಾಟಿದ ಖಾಸಗಿ ಕಾರನ್ನು ಪರೀಕ್ಷೆಗೊಡ್ಡಿ ಮರುನೋಂದಣಿ ಮಾಡಿಸಬೇಕಾದ ದಿನಗಳಿವು. ಅದರ ಮೇಲೆ ಈ ವೆಚ್ಚವೂ ಸೇರಿದರೆ, ಒಂದು ರಬ್ಬರು ಕೊಳವೆಯ ಬಿರುಕಿಗಾಗಿಯೇ ಒಳ್ಳೆಯ ಕಾರೊಂದು ಗುಜರಿಗೆ ಹೊರಟುಬಿಡುತ್ತದೆ.

ನಮ್ಮ ಮಧ್ಯಮವರ್ಗದ ಮನೆಗಳಿಗೆ ಇಂಜೆಕ್ಷನ್ ಕಾರು ಬಂದದ್ದು ತೀರ ಹಿಂದಿನ ಮಾತಲ್ಲ. 1998ರಲ್ಲಿ ಸ್ಯಾಂಟ್ರೊ ಬಂದಾಗಲೇ ಅದರಲ್ಲಿ ಈ ಏರ್ಪಾಡಿತ್ತು. ಹೊಗೆಯ ಮಿತಿಯನ್ನು ಕುರಿತು ಸುಪ್ರೀಂ ಕೋರ್ಟು 1999ರಲ್ಲಿ ದೆಹಲಿಗೆ ಸಂಬಂಧಿಸಿದಂತೆ ಇತ್ತ ಆದೇಶದ ತರುವಾಯ ಕಾರ್ಬ್ಯುರೇಟರಿನ ದಿನಗಳು ಎಣಿಕೆಗೆ ಬಂದವು. ಎಲ್ಲರ ಮನೆಯ ಮಾರುತಿ 800 ಕೂಡ ಹೊಸ ಪದ್ಧತಿಗೆ ಹೊರಳಿತು. ಜಗತ್ತಿಗೆ ಇದು ಹೊಸದಾಗಿರಲಿಲ್ಲ. ಜರ್ಮನಿಯ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಜೆಕ್ಷನ್ 1967ರಷ್ಟು ಹಿಂದೆಯೇ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಸಂಚರಿಸಿತ್ತು. ಬೆಂಗಳೂರಿನವರಿಗಂತೂ ಆ ಸಂಸ್ಥೆ ಅಪರಿಚಿತವಲ್ಲ. ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿ ಡೀಸೆಲ್ ಎಂಜಿನುಗಳ ಇಂಜೆಕ್ಷನ್ ಪಂಪುಗಳನ್ನೂ ಪ್ಲಗ್ಗುಗಳನ್ನೂ ತಯಾರಿಸಿದ 'ಮೈಕೊ' ಅದರ ಬಳಗದ್ದೇ. 2008ರಲ್ಲಿ ಹೆಸರೂ ಬಾಷ್ ಎಂದೇ ಆಯಿತು.

ಹಳೆಯ ಕಾರ್ಬ್ಯುರೇಟರು ಕಾರಿನಲ್ಲಿ ಪಂಪಿನ ಕೆಲಸ ಹಗುರ. ಕಾಲು ಬಾರ್‌ನಷ್ಟು ಒತ್ತಡದಿಂದ ಪೆಟ್ರೋಲನ್ನು ಒಂದು ಪುಟ್ಟ ಬಟ್ಟಲಿಗೆ ತುಂಬಿದರಾಯಿತು, ಮುಂದಿನದನ್ನು ಎಂಜಿನ್ನೇ ಹೀರಿಕೊಳ್ಳುತ್ತಿತ್ತು. ಇಂಜೆಕ್ಷನ್ ಕಾರಿನಲ್ಲಿ ಹಾಗಲ್ಲ. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿಯೇ ಇರುವ ವಿದ್ಯುತ್ ಪಂಪು ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಬಾರ್ ಒತ್ತಡವನ್ನು ಕಾಪಾಡಬೇಕು. ಚಕ್ರಕ್ಕೆ ನಾವು ತುಂಬಿಸುವ ಗಾಳಿ ಎರಡು ಬಾರ್‌ನ ಆಸುಪಾಸು. ಅದಕ್ಕಿಂತಲೂ ಇದು ಹೆಚ್ಚು.

ಈ ಒತ್ತಡಕ್ಕೆ ಏಕಿಷ್ಟು ಮಹತ್ವ? ಇಂಜೆಕ್ಟರೆಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಸಣ್ಣ ಬಾಗಿಲು, ಅಷ್ಟೆ. ಅದು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಕಂಪ್ಯೂಟರು ಸೆಕೆಂಡಿನ ಸಾವಿರದೊಂದು ಪಾಲಿನ ಲೆಕ್ಕದಲ್ಲಿ ನಿರ್ಧರಿಸುತ್ತದೆ. ಆದರೆ ಆ ಕಾಲದ ಬಹುಪಾಲು ಕಾರುಗಳಲ್ಲಿ ಪೆಟ್ರೋಲಿನ ಒತ್ತಡ ಎಷ್ಟಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಸಾಧನವೇ ಇಲ್ಲ! ಒತ್ತಡ ಸರಿಯಾಗಿಯೇ ಇದೆಯೆಂದು ಅದು ಕಣ್ಣು ಮುಚ್ಚಿ ನಂಬಿದೆ. ಮೂರು ಬಾರ್ ಇರಬೇಕಾದ ಕಡೆ ಎರಡೇ ಇದ್ದರೆ, ಬಾಗಿಲು ಅಷ್ಟೇ ಹೊತ್ತು ತೆರೆದರೂ ಒಳಹೋಗುವ ಪೆಟ್ರೋಲು ನೂರಕ್ಕೆ ಹದಿನೆಂಟರಷ್ಟು ಕಡಿಮೆ. ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರು ಈ ಕೊರತೆಯನ್ನು ಕಂಡುಹಿಡಿದು ಸ್ವಲ್ಪಮಟ್ಟಿಗೆ ತುಂಬಿಸೀತು. ಆದರೆ ಕಾರಿನ ತುಂಬ ಜನ, ಎದುರಿಗೆ ಆಗುಂಬೆಯ ತಿರುವು, ಹಿಂದೆ ಬಸ್ಸಿನ ಹಾರನ್ನು — ಆಗ ಈ ತೇಪೆ ಸಾಲದು. ಕಾರು ಜಗ್ಗುತ್ತದೆ, ಮುಗ್ಗರಿಸುತ್ತದೆ, ನಿಂತೂ ಬಿಡುತ್ತದೆ. ಅಂಥ ತಿರುವಿನಲ್ಲಿ ಕಾರು ನಿಲ್ಲುವುದು ಬರಿಯ ಮುಜುಗರದ ಸಂಗತಿಯಲ್ಲ.

ಪರೀಕ್ಷೆಯ ಮೊದಲ ಹೆಜ್ಜೆಗೆ ಕಿವಿಯೊಂದಿದ್ದರೆ ಸಾಕು. ಕೀಲಿಯನ್ನು ತಿರುಗಿಸಿ, ಎಂಜಿನನ್ನು ಚಾಲೂ ಮಾಡದೆ ನಿಲ್ಲಿಸಿರಿ. ಹಿಂದಿನ ಆಸನದ ಕೆಳಗಿನಿಂದ ಎರಡು ಸೆಕೆಂಡು 'ಗುಂಯ್' ಎಂಬ ಸದ್ದು ಬಂದರೆ ಪಂಪು ತಿರುಗುತ್ತಿದೆ. ಸದ್ದೇ ಇಲ್ಲವಾದರೆ ಪಂಪನ್ನು ಶಪಿಸುವ ಮೊದಲು ಫ್ಯೂಸನ್ನೂ ರಿಲೇಯನ್ನೂ ನೋಡತಕ್ಕದ್ದು. ವೋಲ್ಟ್‌ಮೀಟರು ಇದ್ದವರು ಪಂಪು ಓಡುತ್ತಿರುವಾಗಲೇ ಅದರ ತಂತಿಗಳ ಬಳಿ ಅಳೆಯಲಿ. ಬ್ಯಾಟರಿಯ ವೋಲ್ಟೇಜಿಗಿಂತ ಒಂದು ವೋಲ್ಟಿಗೂ ಮಿಗಿಲಾಗಿ ಅಲ್ಲಿ ಕಡಿಮೆಯಿದ್ದರೆ, ತುಕ್ಕು ಹಿಡಿದ ಅರ್ತಿಂಗೋ ಸುಟ್ಟ ಕನೆಕ್ಟರೋ ವಿದ್ಯುತ್ತನ್ನು ನುಂಗುತ್ತಿದೆ. ಇಂಥಲ್ಲಿ ಸಾವಿರಾರು ರೂಪಾಯಿಯ ಹೊಸ ಪಂಪನ್ನು ಕೂಡಿಸಿದರೂ ಅದು ಹಳೆಯದರಂತೆಯೇ ನಿಧಾನವಾಗಿ ತಿರುಗೀತು.

ಎರಡನೆಯ ಹೆಜ್ಜೆ ಗೇಜು. ಇದನ್ನು ಬಲ್ಲ ಮೇಸ್ತ್ರಿಯ ಕೈಯಲ್ಲೇ ಮಾಡಿಸಬೇಕು. ಎಂಜಿನ್ ತಣ್ಣಗಿರಬೇಕು, ಪಂಪಿನ ಫ್ಯೂಸು ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕೊಳವೆಯಲ್ಲಿನ ಒತ್ತಡವನ್ನು ಇಳಿಸಿದ ಮೇಲೆಯೇ ಬಿಚ್ಚಬೇಕು. ಇಲ್ಲದಿದ್ದರೆ ಪೆಟ್ರೋಲು ಪಿಚಕಾರಿಯಂತೆ ಕಣ್ಣಿಗೇ ಹಾರುತ್ತದೆ. ಬೀಡಿ, ಉರಿಯುವ ದೀಪ, ಮುಚ್ಚಿದ ಷೆಡ್ಡು ಇವು ಮೂರೂ ವರ್ಜ್ಯ.

ಗೇಜು ಕೂತಮೇಲೆ ಅದು ಹೇಳುವ ಸಂಗತಿಗಳು ಸ್ವಾರಸ್ಯವಾದವು. ಎಂಜಿನ್ ಸುಮ್ಮನೆ ಓಡುತ್ತಿರುವಾಗ ರೆಗ್ಯುಲೇಟರಿನ ಸಣ್ಣ ನಿರ್ವಾತ ಕೊಳವೆಯನ್ನು ಕಿತ್ತರೆ ಮುಳ್ಳು ಸುಮಾರು ಅರ್ಧ ಬಾರ್ ಮೇಲೇರಬೇಕು. ಏರದಿದ್ದರೆ ರೆಗ್ಯುಲೇಟರಿನ ಮೇಲೆ ಅನುಮಾನ. ಕಿತ್ತ ಆ ಕೊಳವೆಯೊಳಗೆ ಪೆಟ್ರೋಲಿನ ಹಸಿ ಕಂಡಿತೋ, ಅನುಮಾನವೇ ಬೇಡ: ಒಳಗಿನ ಪೊರೆ ಹರಿದಿದೆ, ಕಪ್ಪು ಹೊಗೆಗೂ ಕುಸಿದ ಮೈಲೇಜಿಗೂ ಅದೇ ಕಾರಣವಿದ್ದೀತು. (ರೆಗ್ಯುಲೇಟರು ಟ್ಯಾಂಕಿನಲ್ಲೇ ಇರುವ ಕಾರುಗಳಿಗೆ ಈ ಮಾತು ಅನ್ವಯಿಸದು.) ಒತ್ತಡ ಕಡಿಮೆಯಿದ್ದಾಗ, ಟ್ಯಾಂಕಿಗೆ ಹಿಂದಿರುಗುವ ರಬ್ಬರು ಕೊಳವೆಯನ್ನು ಮೇಸ್ತ್ರಿ ಕ್ಷಣಕಾಲ ಮೆಲ್ಲನೆ ಅದುಮಿದಾಗ ಮುಳ್ಳು ಥಟ್ಟನೆ ಜಿಗಿದರೆ ಪಂಪು ಗಟ್ಟಿಯಾಗಿದೆ, ದೋಷ ರೆಗ್ಯುಲೇಟರಿನದು. ಜಿಗಿಯದಿದ್ದರೆ ಫಿಲ್ಟರನ್ನೂ ಪಂಪನ್ನೂ ವಿಚಾರಿಸಬೇಕು. ಮೊದಲು ಫಿಲ್ಟರು, ಏಕೆಂದರೆ ಅದು ಅಗ್ಗ.

ನಿಂತಲ್ಲಿ ಎಲ್ಲವೂ ಸರಿಯಿದ್ದು ಏರಿನಲ್ಲಿ ಮಾತ್ರ ಸೋಲುವ ಕಾರಿನ ವಿಷಯದಲ್ಲಿಯೇ ಗ್ಯಾರೇಜುಗಳು ಹೆಚ್ಚು ಎಡವುವುದು. ಅರ್ಧ ಕಟ್ಟಿದ ಫಿಲ್ಟರು ನಿಂತ ಎಂಜಿನಿಗೆ ಬೇಕಾದ ಗುಟುಕನ್ನು ಕೊಟ್ಟೀತು, ಏರಿಗೆ ಬೇಕಾದ ಬೊಗಸೆಯನ್ನು ಕೊಡಲಾರದು. ಆದ್ದರಿಂದ ತಿಳಿದ ಮೇಸ್ತ್ರಿಗಳು ಗೇಜನ್ನು ಬಾನೆಟ್ಟಿನ ಹೊರಕ್ಕೆ ತಂದು, ಮುಂದಿನ ಗಾಜಿನ ಹೊರಮೈಗೆ ಅಂಟಿಸಿ, ಏರಿನಲ್ಲಿ ಓಡಿಸಿ ನೋಡುತ್ತಾರೆ. ಪೆಟ್ರೋಲಿನ ಕೊಳವೆ ಯಾವ ಕಾರಣಕ್ಕೂ ಜನ ಕೂರುವ ಭಾಗಕ್ಕೆ ಬರಕೂಡದು. ಈ ಪರೀಕ್ಷೆಗೆ ಒಪ್ಪದೆ ನೇರವಾಗಿ ಪಂಪಿನ ಬೆಲೆ ಹೇಳುವವರಿಗೆ ಕಾರನ್ನು ಒಪ್ಪಿಸಲು ನನಗಂತೂ ಮನಸ್ಸು ಬಾರದು.

ಬೆಳಿಗ್ಗೆ ಸ್ಟಾರ್ಟರು ಬಹಳ ಹೊತ್ತು ಗೊಣಗಿದ ಮೇಲೆ ಹತ್ತುವ ಕಾರಿನ ರೋಗ ಮತ್ತೊಂದು ಬಗೆಯದು. ಎಂಜಿನ್ ನಿಲ್ಲಿಸಿದ ಮೇಲೂ ಒತ್ತಡ ಸ್ವಲ್ಪ ಕಾಲ ಕೊಳವೆಯಲ್ಲಿ ಉಳಿಯಬೇಕು. ನಿಲ್ಲಿಸಿದೊಡನೆ ಮುಳ್ಳು ಕೆಳಗಿಳಿದರೆ, ಪಂಪಿನ ತಡೆಬಾಗಿಲೋ ರೆಗ್ಯುಲೇಟರೋ ಇಂಜೆಕ್ಟರೋ ಸೋರುತ್ತಿದೆಯೆಂದು ತಿಳಿಯಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಹೋಟೆಲಿನ ಮುಂದೆ ಅರ್ಧ ಗಂಟೆ ನಿಲ್ಲಿಸಿದ ಕಾರು ಹಠ ಹಿಡಿಯುವುದಕ್ಕೂ ಇದೇ ಕಾರಣವಿರಬಹುದು: ಒತ್ತಡವಿಲ್ಲದ ಪೆಟ್ರೋಲು ಎಂಜಿನಿನ ಕಾವಿಗೆ ಆವಿಯಾಗುತ್ತದೆ. ಚಾಲೂ ಮಾಡುವ ಮುನ್ನ ಕೀಲಿಯನ್ನು ಎರಡು ಮೂರು ಸಲ ತಿರುಗಿಸಿ, ಪ್ರತಿಸಲವೂ ಪಂಪಿನ ಸದ್ದು ಕೇಳಿಸಿಕೊಂಡು, ಆಮೇಲೆ ಎಂಜಿನ್ ಸಲೀಸಾಗಿ ಹತ್ತಿದರೆ ಈ ಗುಮಾನಿ ಬಲವಾಗುತ್ತದೆ. ಇದಕ್ಕೆ ಕಾಸೂ ಖರ್ಚಿಲ್ಲ.

ಪಂಪು ಅಕಾಲದಲ್ಲಿ ಸಾಯುವುದಕ್ಕೆ ನಮ್ಮ ಉಳಿತಾಯದ ಅಭ್ಯಾಸವೂ ಕಾರಣವಾದೀತು. ಸುತ್ತಲಿನ ಪೆಟ್ರೋಲೇ ಪಂಪನ್ನು ತಣ್ಣಗಿಡುವುದು. ಸದಾ ರಿಸರ್ವಿನಲ್ಲಿ ಓಡಿಸುವವರ ಪಂಪು ಕಾವಿಗೆ ಬೇಗ ಸವೆಯುತ್ತದೆ. ಇನ್ನೊಂದು ಸಂಗತಿ ಹೊಸದು. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ದೊರೆತದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಹೀರುವ ದ್ರವ. ಅದಕ್ಕೆಂದು ತಯಾರಿಸದ ಹಳೆಯ ರಬ್ಬರು ಭಾಗಗಳನ್ನು ಕಾಲಕ್ರಮದಲ್ಲಿ ಕೆಡಿಸಬಹುದು. ತಿಂಗಳುಗಟ್ಟಲೆ ಹೊದಿಕೆಯಡಿ ನಿಂತ ಕಾರಿಗೆ ಈ ಅಪಾಯ ಹೆಚ್ಚು.

ಆದ್ದರಿಂದ ಹಳೆಯ ಕಾರಿನ ರಬ್ಬರು ಕೊಳವೆಗಳನ್ನು ಬದಲಿಸುವಾಗ ಕಾರ್ಬ್ಯುರೇಟರಿನ ಕಾಲದ ಸಾದಾ ಕೊಳವೆಯನ್ನು ಒಪ್ಪಿಕೊಳ್ಳಕೂಡದು. ಇಂಜೆಕ್ಷನ್ ಒತ್ತಡವನ್ನೂ ಎಥನಾಲನ್ನೂ ತಾಳುವುದೆಂದು ಮೈಮೇಲೆ ಅಚ್ಚಾಗಿರುವುದನ್ನೇ ಕೇಳಿ ಹಾಕಿಸಬೇಕು. ಕೆಲಸ ಮುಗಿದಾಗ ಹಣ ಕೊಡುವ ಮೊದಲು ಎಂಜಿನನ್ನು ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಟಾರ್ಚು ಹಿಡಿದು ಪ್ರತಿಯೊಂದು ಕ್ಲಿಪ್ಪಿನ ಸುತ್ತಲೂ ಹಸಿಯಿದೆಯೇ ಎಂದು ನೋಡಿಕೊಳ್ಳಿ.