ಶೆಟ್ಲೆಂಡಿನ ಕುರಿನಾಯಿಗೆ ಹೆಸರು ಬಂದ ಬಗೆ

ಮಗುವಿಗೆ ಹೆಸರಿಡುವಾಗ ಮನೆತನದ ಹಿರಿಯರನ್ನು ನೆನೆಯುವುದು ನಮ್ಮಲ್ಲಿ ವಾಡಿಕೆ. ನಾಯಿಯ ತಳಿಯೊಂದಕ್ಕೆ ಹೆಸರಿಡುವಾಗಲೂ ಮನೆತನದ ಪ್ರಶ್ನೆಯೆದ್ದು, ಅದು ವಾಗ್ವಾದಕ್ಕೆ ತಿರುಗಿದ ಪ್ರಸಂಗವೊಂದು ಕಳೆದ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ನಡೆಯಿತು. ಓದುಗರಿಗೆ ಅದು ರುಚಿಸೀತೆಂದು ಇಲ್ಲಿ ನಿರೂಪಿಸುತ್ತಿದ್ದೇವೆ. ಇಂಥ ನಾಯಿಯನ್ನು ಸಾಕಿದವರಿಗೆ ಅದರಿಂದ ಪ್ರಯೋಜನವೂ ಉಂಟು.

ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರದ ನಡುವೆ ಹರಡಿರುವ ಶೆಟ್ಲೆಂಡ್, ನೂರಕ್ಕೂ ಮಿಕ್ಕಿದ ದ್ವೀಪಗಳ ಸಮೂಹ. ಅಲ್ಲಿ ಗಾಳಿ ಸದಾ ಬೀಸುತ್ತದೆ, ಮರಗಳು ವಿರಳ. ಅಲ್ಲಿನ ಕುದುರೆ, ದನ, ಕುರಿ ಎಲ್ಲವೂ ಗಿಡ್ಡ. ನಾಯಿಯೂ ಅಂತೆಯೇ. ರೈತರದು ತುಂಡು ಭೂಮಿ, ಗುಡ್ಡದಲ್ಲಿ ಮೇಯುವ ಕುರಿಗಳು ಕಣ್ಣು ತಪ್ಪಿಸಿ ಪೈರಿಗೆ ಇಳಿಯುತ್ತಿದ್ದವು. ಅವುಗಳನ್ನು ಬೊಗಳಿ ಅಟ್ಟುವುದೇ ಈ ನಾಯಿಯ ಕೆಲಸ. ದ್ವೀಪದವರು ಅದನ್ನು 'ಟೂನಿ ನಾಯಿ' ಎಂದು ಕರೆದರು. 'ಟೂನ್' ಎಂದರೆ ಅವರ ನುಡಿಯಲ್ಲಿ ಹೊಲಮನೆ, ಹಳೆಯ ನಾರ್ಸ್ ಭಾಷೆಯಿಂದ ಬಂದ ಶಬ್ದ. ಆ ದ್ವೀಪಗಳು ಮೊದಲು ನಾರ್ವೆಯ ಅಧೀನದಲ್ಲಿದ್ದವು. ಡೆನ್ಮಾರ್ಕ್ ಮತ್ತು ನಾರ್ವೆಗಳ ದೊರೆ ಮೊದಲನೆಯ ಕ್ರಿಶ್ಚಿಯನ್, ಮಗಳ ವರದಕ್ಷಿಣೆಯ ಹಣ ಹೊಂದಿಸಲಾರದೆ 1469ರಲ್ಲಿ ಅವನ್ನು ಸ್ಕಾಟ್ಲೆಂಡಿನ ದೊರೆಗೆ ಒತ್ತೆಯಿಟ್ಟನು. ಒತ್ತೆಯನ್ನು ಬಿಡಿಸಿಕೊಳ್ಳಲಾಗಲೇ ಇಲ್ಲ. ವರದಕ್ಷಿಣೆಯ ಪೀಡೆ ಅರಸರನ್ನೂ ಬಿಟ್ಟಿರಲಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳಲ್ಲಿ ಬಂದ ಪ್ರವಾಸಿಗರೂ ನಾವಿಕರೂ ತುಪ್ಪುಳಿನಂಥ ಈ ಮರಿಗಳಿಗೆ ಮಾರುಹೋಗಿ ಕೊಂಡೊಯ್ಯತೊಡಗಿದರು. ಚಿಕ್ಕದಾದಷ್ಟೂ ಬೆಲೆ ಹೆಚ್ಚೆಂದು ಕಂಡ ಕೆಲವರು ಮಡಿಲಲ್ಲಿ ಸಾಕುವ ಸಣ್ಣ ಜಾತಿಯ ನಾಯಿಗಳೊಡನೆ ಇದನ್ನು ಬೆರಸಿದರು. ಹೀಗಾದರೆ ಮೂಲ ತಳಿಯೇ ಅಳಿದೀತೆಂಬ ಆತಂಕ ಹುಟ್ಟಿತು. 1908ರಲ್ಲಿ ಅಲ್ಲಿನ ಮುಖ್ಯ ಪಟ್ಟಣವಾದ ಲರ್ವಿಕ್ಕಿನಲ್ಲಿ ಸಂಘವೊಂದು ಸ್ಥಾಪನೆಗೊಂಡಿತು. ಸಂಘದವರು ತಮ್ಮ ನಾಯಿಗೆ ಇಟ್ಟ ಹೆಸರು 'ಶೆಟ್ಲೆಂಡ್ ಕೋಲಿ'.

ವಿವಾದ ಹುಟ್ಟಿದ್ದು ಈ ಹೆಸರಿನಿಂದಲೇ. ಕೋಲಿ ಎಂಬುದು ಸ್ಕಾಟ್ಲೆಂಡಿನ ಎತ್ತರದ ಕುರಿನಾಯಿ. ವಿಕ್ಟೋರಿಯಾ ರಾಣಿಯೇ ಮೆಚ್ಚಿ ಸಾಕಿದ್ದರಿಂದ ಅದರ ಪ್ರತಿಷ್ಠೆ ಬೆಳೆದಿತ್ತು. ಹದಿನಾಲ್ಕು ಹದಿನೈದು ಅಂಗುಲದ, ಬೆರಕೆ ರಕ್ತದ ದ್ವೀಪದ ನಾಯಿಗೆ ತಮ್ಮ ತಳಿಯ ಹೆಸರು ಸಲ್ಲದೆಂದು ಕೋಲಿ ಸಾಕುವವರು ಆಕ್ಷೇಪವೆತ್ತಿದರು. ಬೆರಕೆಯ ಮಾತು ಪೂರ್ತಿ ಸುಳ್ಳಲ್ಲವೆಂಬುದನ್ನು ನಾವು ಒಪ್ಪಬೇಕು. ಆದರೆ ಮೂಲ ರೂಪವನ್ನು ಉಳಿಸಲೆಂದು ಇದೇ ನಾಯಿಗೆ ಕೋಲಿಗಳೊಡನೆ ಸಂಕರ ಮಾಡಿಸಿದವರಿದ್ದರು. ರಕ್ತ ಕೊಡಲು ಇಲ್ಲದ ಅಡ್ಡಿ ಹೆಸರು ಕೊಡಲು ಮಾತ್ರ ಬಂದಿತು! ಕೊನೆಗೆ 'ಕೋಲಿ' ಪದವನ್ನು ಕೈಬಿಟ್ಟು 'ಶೆಟ್ಲೆಂಡ್ ಶೀಪ್‌ಡಾಗ್', ಅಂದರೆ ಶೆಟ್ಲೆಂಡಿನ ಕುರಿನಾಯಿ, ಎಂಬ ಹೆಸರು ನಿಂತಿತು. 1914ರ ವೇಳೆಗೆ ಇಂಗ್ಲೆಂಡಿನಲ್ಲೂ ಅದೇ ಹೆಸರಿನ ಸಂಘ ಹುಟ್ಟಿತು. ಪ್ರೀತಿಯಿಂದ ಕರೆಯುವವರಿಗೆ ಅದು ಇಂದಿಗೂ 'ಶೆಲ್ಟಿ'.

ಕುಲದ ಹೆಸರು ನಿರಾಕರಿಸಲ್ಪಟ್ಟಾಗ ಒದಗಿದ್ದು ಕಾಯಕದ ಹೆಸರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ದನ ಕಾಯುತ್ತಿದ್ದ ತುರುಗಾಹಿ ರಾಮಣ್ಣ ಮೊದಲಾದ ಶರಣರ ಹೆಸರುಗಳನ್ನು ದಿನವೂ ಸ್ಮರಿಸುವ ನಮಗೆ ಅದು ಕಡಮೆಯದೆಂದು ತೋರುವುದಿಲ್ಲ.

ಆ ವಾಗ್ವಾದ ಮುಗಿದು ಸುಮಾರು ತೊಂಬತ್ತು ವರ್ಷಗಳ ಬಳಿಕ ವಿಜ್ಞಾನವು ಬೇರೊಂದು ಸಾಕ್ಷ್ಯ ನುಡಿಯಿತು. ಕೆಲವು ಕೋಲಿಗಳಿಗೆ ಐವರ್‌ಮೆಕ್ಟಿನ್ ಎಂಬ ಔಷಧಿ ಏಕೆ ವಿಷವಾಗುತ್ತದೆಂದು ಅರಸಿದಾಗ, ಎಂಡಿಆರ್1 ಎಂಬ ವಂಶವಾಹಿಯಲ್ಲಿನ ದೋಷವು 2001ರಲ್ಲಿ ಪತ್ತೆಯಾಯಿತು. ಔಷಧಿಯು ಮಿದುಳಿನಲ್ಲಿ ಸೇರಿಕೊಳ್ಳದಂತೆ ಹೊರಹಾಕುವ ವ್ಯವಸ್ಥೆ ಅಂತಹ ನಾಯಿಗಳಲ್ಲಿ ಕೆಟ್ಟಿರುತ್ತದೆ. 2004ರಲ್ಲಿ ಪ್ರಕಟವಾದ ಅಧ್ಯಯನವು ಅದೇ ದೋಷವನ್ನು ಶೆಲ್ಟಿಯೂ ಸೇರಿದಂತೆ ಒಂಬತ್ತು ತಳಿಗಳಲ್ಲಿ ಕಂಡು, ಅದು ಒಂದೇ ಪೂರ್ವಜನಿಂದ ಇಳಿದು ಬಂದುದೆಂದು ತೋರಿಸಿತು. ಹೆಸರಿನಲ್ಲಿ ಅಳಿಸಿದ ನಂಟು ರಕ್ತದಲ್ಲಿ ಉಳಿದಿತ್ತು.

ಇಲ್ಲಿ ಗೃಹಸ್ಥರು ಗಮನಿಸಬೇಕಾದ ಮಾತಿದೆ. ಐವರ್‌ಮೆಕ್ಟಿನ್ ನಮ್ಮಲ್ಲಿ ಕುರಿ, ದನಗಳ ಜಂತುಹುಳು ಮತ್ತು ನಾಯಿಗಳ ಕಜ್ಜಿಗೆ ಬಳಕೆಯಲ್ಲಿರುವ ಔಷಧಿ. ಎಲ್ಲ ಶೆಲ್ಟಿಗಳಲ್ಲೂ ಈ ದೋಷವಿರುವುದಿಲ್ಲ. ಇದ್ದರೆ ಮಾತ್ರ, ಬೇರೆ ನಾಯಿಗೆ ಒಗ್ಗುವ ಪ್ರಮಾಣವೇ ಇದಕ್ಕೆ ಜೊಲ್ಲು, ನಡುಕ, ತೂರಾಟ, ಕುರುಡು ತಂದು ಪ್ರಾಣಕ್ಕೇ ಎರವಾಗಬಹುದು. ಭೇದಿ ನಿಲ್ಲಿಸಲು ಮನುಷ್ಯರು ನುಂಗುವ ಲೊಪೆರಮೈಡ್ ಮಾತ್ರೆಯೂ ಅಪಾಯಕಾರಿ. ಆದುದರಿಂದ ಶೆಲ್ಟಿ ಅಥವಾ ಕೋಲಿ ಸಾಕಿದವರು ಯಾವ ಔಷಧಿಗೂ ಮುನ್ನ ಪಶುವೈದ್ಯರಿಗೆ ತಳಿಯನ್ನು ತಿಳಿಸಬೇಕು. ದೋಷವನ್ನು ಗುರುತಿಸುವ ಪರೀಕ್ಷೆಯೂ ಇದೆ. ಔಷಧಿ ಕೊಟ್ಟ ಜಾನುವಾರುಗಳ ಸಗಣಿ, ಲದ್ದಿ ತಿಂದರೂ ಇಂತಹ ನಾಯಿಗಳಿಗೆ ನಂಜೇರುವುದುಂಟು. ಕೊಟ್ಟಿಗೆಯಿರುವ ಮನೆಯವರು ಆ ದಿನಗಳಲ್ಲಿ ನಾಯಿಯನ್ನು ಅತ್ತ ಸುಳಿಯಗೊಡಬಾರದು.